ಚಿಪ್ಪಿಗೆ ಹಿತಕಿದ ಅವರೆಬೇಳೆ

ಈ ಭಾನುವಾರ ನಮ್ಮ ಹಾಸನದ ಮನೆಯ ಅಡುಗೆಕಟ್ಟೆಯ ಮೇಲೆ ನಾಲ್ಕು ಪಾಸ್ತಾ ಪೊಟ್ಟಣಗಳು ಸಾಲಾಗಿ ನಿಂತಿವೆ. ಹೊಸ ಅಳಿಯಂದಿರು ಮೊದಲ ಸಲ ನಮಗೆ ಅಡುಗೆ ಮಾಡಿ ಬಡಿಸುತ್ತಾರಂತೆ. ಚಿಪ್ಪು, ಸುರುಳಿ, ಕೊಳವೆ, ಚಿಟ್ಟೆ. ಯಾವುದಕ್ಕೆ ಯಾವ ಸಾಸ್ ಹೊಂದುತ್ತದೆಂದು ಅರ್ಧ ಗಂಟೆ ವಿವರಿಸಿದರು. "ಅವರೆಕಾಯಿ ಕಾಲ ಬೇರೆ, ಚಿಪ್ಪಿಗೆ ಹಿತಕಿದ ಬೇಳೆ ಹಾಕ್ರಪ್ಪ" ಎಂದೆ. ಜ್ವರ ಬಂದವರನ್ನು ನೋಡುವಂತೆ ನನ್ನನ್ನು ನೋಡಿ, ಹಾಲು ಕಾಯಿಸಲು ಒಳಗೆ ಹೋದರು.

ನೀವೂ ನಗಬೇಡಿ. ನನ್ನದು ಅನುಭವದ ಮಾತು.

ಮದುವೆಯಾದ ಹೊಸದರಲ್ಲಿ ಹೊಳೆನರಸೀಪುರದ ಸೋದರತ್ತೆ ನಮ್ಮನ್ನು ಊಟಕ್ಕೆ ಕರೆದಿದ್ದರು. ಊಟ ನೆಪ, ನಡೆಯುವುದು ಪರೀಕ್ಷೆ. ಅತ್ತೆಯ ಇಬ್ಬರು ನಾದಿನಿಯರು ನನ್ನ ಹೆಂಡತಿ ಸುಧಾಳ ಕೈರುಚಿ ನೋಡಲು ಹಜಾರದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅವರ ಬಾಯಿಗೆ ಬಿದ್ದರೆ ಮುಗಿಯಿತು, ನೆಂಟರ ಮನೆಗಳಲ್ಲೆಲ್ಲ ವರ್ಷಗಟ್ಟಲೆ ಅದೇ ಮಾತು. ಸುಧಾ ಧೈರ್ಯ ಮಾಡಿ ಪಾಸ್ತಾ ಮಾಡುತ್ತೇನೆಂದಳು, ಹಾಲು ಬೆಣ್ಣೆಯ ಬಿಳಿ ಸಾಸಿನಲ್ಲಿ. ಮೈಸೂರಿನಿಂದ ನಾಲ್ಕು ಬಗೆ ತರಿಸಿದ್ದಳು. ಚೀಲದಲ್ಲಿ ಜಾಗ ಉಳಿಯಲಿ ಎಂದು ನಾನು ನಾಲ್ಕನ್ನೂ ಒಂದೇ ಡಬ್ಬಿಗೆ ಸುರಿದಿದ್ದೆ. ಹಿಟ್ಟು ಒಂದೇ ತಾನೇ?

"ರೀ, ಒಂದೊಂದೂ ಬೇಯೋ ಹೊತ್ತೇ ಬೇರೆ!" ಸುಧಾಳ ಕಣ್ಣು ತುಂಬಿತು.

"ಏನ್ಲಾ ಇದು? ರಾಗೀನೂ ಬತ್ತಾನೂ ಒಂದೇ ವಾಡೇಗೆ ಸುರ್ದಂಗೆ ಸುರ್ದಿದೀಯಲ್ಲಾ!" ಎಂದು ಅತ್ತೆ ಡಬ್ಬಿ ಕಿತ್ತುಕೊಂಡು ಮೊರಕ್ಕೆ ಬಗ್ಗಿಸಿ ಆರಿಸಲು ಕೂತರು.

ಅತ್ತೆಯ ಮನೆಯಲ್ಲಿ ಪ್ರತಿಯೊಂದಕ್ಕೂ ಜೋಡಿ ಗೊತ್ತಾಗಿತ್ತು. ಮುದ್ದೆಗೆ ಬಸ್ಸಾರು, ರೊಟ್ಟಿಗೆ ಹುಚ್ಚೆಳ್ಳು ಚಟ್ನಿ, ಒತ್ತು ಶಾವಿಗೆಗೆ ಕಾಯಿಹಾಲು. ಶಾವಿಗೆಗೆ ಮೊಸರು ಕೇಳಿದ ತಪ್ಪಿಗೆ ಮಾವನವರ ಜೊತೆ ಒಂದಿಡೀ ದಿನ ಮಾತು ಬಿಟ್ಟಿದ್ದರು. ಪಾಸ್ತಾವನ್ನು ಜನ್ಮದಲ್ಲಿ ಕಾಣದಿದ್ದರೂ ಒಂದೊಂದನ್ನೇ ಎತ್ತಿ ಹಿಡಿದು ತೀರ್ಪು ಕೊಟ್ಟರು. "ಸುರುಳೀಗೆ ಗಟ್ಟಿ ಗೊಜ್ಜು, ಸಂದೀಲಿ ಕಚ್ಕತದೆ. ಕೊಳ್ವೆಗೆ ತೆಳ್ಳುಂದು. ಈ ಚಿಟ್ಟೆಗೆ ಏನಾಕುದ್ರೂ ಜಾರೋಯ್ತದೆ, ಅತ್ಲಾಗಿಡು."

ಸುಧಾ ಒಲೆಯ ಮೇಲೆ ಹಾಲಿಟ್ಟಳು. ಪಕ್ಕದ ಒಲೆಯಲ್ಲಿ ಮನೆಮಂದಿಗೆಂದು ಹಿತಕಿದ ಬೇಳೆ ಸಾರು ಕುದಿಯುತ್ತಿತ್ತು. ನಾನು ಹಜಾರಕ್ಕೆ ಬಂದು ಕೂತಿದ್ದೆ ಅಷ್ಟೇ, ಅತ್ತೆ ಓಡಿಬಂದರು. "ಲೋ, ಪ್ಯಾಟೆಗೋಗಿ ಗಸಗಸೆ ತಕಬಾ. ನಾಕಂಗ್ಡಿ ಸುತ್ತಿ ಒಳ್ಳೇದು ನೋಡು."

ನಾಲ್ಕು ಅಂಗಡಿ ಸುತ್ತಿ ಬೆವರುತ್ತಾ ಬಂದಾಗ ಮಟಮಟ ಮಧ್ಯಾಹ್ನ ಅಡುಗೆಮನೆಯ ತುಂಬ ಸಾಂಬ್ರಾಣಿ ಹೊಗೆ. ಅತ್ತೆಗೆ ಭಕ್ತಿ ಜಾಸ್ತಿ ಎಂದುಕೊಂಡೆ. ತಟ್ಟೆಗಳಲ್ಲಿ ಬಿಳಿ ಸಾಸ್ ಇರಲಿಲ್ಲ. ಚಿಪ್ಪಿನ ಪಾಸ್ತಾ ಹಿತಕಿದ ಬೇಳೆ ಸಾರಿನಲ್ಲಿತ್ತು, ಒಂದೊಂದು ಚಿಪ್ಪಿನೊಳಗೂ ಒಂದೊಂದು ಬೇಳೆ ಬೆಚ್ಚಗೆ ಕೂತಿತ್ತು. "ಕೈರುಚಿ ಐತೆ ಕಣವ್ವ ನಿಂಗೆ, ಇನ್ನೊಸಿ ಆಕು" ಎಂದರು ಹಿರಿಯ ನಾದಿನಿ. ನನ್ನ ಗಸಗಸೆಯನ್ನು ಯಾರೂ ತಿರುಗಿ ನೋಡಲಿಲ್ಲ. ಅದನ್ನು ಹೇಳಿ ಅತ್ತೆಯನ್ನು ಅವರು ಬದುಕಿದ್ದಷ್ಟು ಕಾಲ ಛೇಡಿಸಿದ್ದೇನೆ. ಅವರೂ ನನ್ನ ಜೊತೆ ನಗುತ್ತಿದ್ದರು.

ಇಷ್ಟು ಹೇಳುವಷ್ಟರಲ್ಲಿ ನಮ್ಮ ಅಡುಗೆಮನೆಯಿಂದ ಹಾಲು ತಳ ಹಿಡಿದ ವಾಸನೆ ಬಂತು. ಸುಧಾ ಒಳಗೆ ಓಡಿದಳು. ಏನೋ ಪಿಸುಮಾತು. ಆಮೇಲೆ ಕೈಯಲ್ಲಿ ಸಾಂಬ್ರಾಣಿ ಹಿಡಿದು ಹೊರಬಂದಳು.

"ರೀ, ಗಸಗಸೆ ಬೇಕಿತ್ತು. ನಾಲ್ಕು ಅಂಗಡಿ ನೋಡಿ ತನ್ನಿ."

ಅವಳ ಬೆನ್ನ ಹಿಂದೆ ಅಳಿಯಂದಿರು ಕಪ್ಪಾದ ಪಾತ್ರೆಯನ್ನು ಮರೆಮಾಡಿಕೊಂಡು ನಿಂತಿದ್ದರು. ಅವರ ತಲೆಯ ಮೇಲಿನ ಗೂಡಿನಲ್ಲಿ ಗಸಗಸೆ ಡಬ್ಬಿ ಕಂಠಮಟ್ಟ ತುಂಬಿತ್ತು.

ಹಾಗಾದರೆ ಅವತ್ತೂ ಹಾಲು ಸೀದಿತ್ತು! ಅತ್ತೆ ಅದನ್ನು ನಾದಿನಿಯರಿಂದ ಮುಚ್ಚಿಟ್ಟರು, ಬಾಯಿ ನಿಲ್ಲದ ನನ್ನಿಂದಲೂ ಮುಚ್ಚಿಟ್ಟರು. ಅಷ್ಟು ವರ್ಷ ಛೇಡಿಸಿದ್ದಕ್ಕೆ ನಾಚಿಕೆಯಾಯಿತು. ಅತ್ತೆಯ ಮೇಲೆ ಪ್ರೀತಿ ಉಕ್ಕಿತು.

"ನಾಲ್ಕು ಸಾಲದು, ಐದು ಅಂಗಡಿ ನೋಡ್ತೀನಿ" ಎಂದು ಅಳಿಯಂದಿರಿಗೆ ಕೇಳುವಂತೆ ಹೇಳಿ, ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದೆ.