ಅಡುಗೆ ಭಟ್ಟರ ಏಕಾದಶಿ ಓಟ

ಇನ್ನಂಜೆಯ ಕೃಷ್ಣರಾಜ ಭಟ್ಟರಿಗೆ ರಜೆ ಎಂದರೆ ಏಕಾದಶಿ. ಭಾನುವಾರ, ಹಬ್ಬ, ಮದುವೆ ಸೀಸನ್ ಎಲ್ಲ ಕಳೆಯುವುದು ಒಲೆಯ ಮುಂದೆಯೇ. ಅಡುಗೆಯವರ ಹಣೆಬರಹವೇ ಅದು, ಊರೆಲ್ಲ ಉಣ್ಣುವ ದಿನ ಅವರಿಗೆ ಕೂರಲು ಪುರುಸೊತ್ತಿಲ್ಲ. ಏಕಾದಶಿಗೆ ಮಾತ್ರ ಯಾರೂ ಊಟ ಹಾಕಿಸುವುದಿಲ್ಲ, ಹಾಗಾಗಿ ಭಟ್ಟರನ್ನೂ ಯಾರೂ ಕರೆಯುವುದಿಲ್ಲ. ತಿಂಗಳಿಗೆ ಎರಡೇ ದಿನ. ಆ ಎರಡು ದಿನವಾದರೂ ಮನುಷ್ಯ ಚಾಪೆ ಹಾಸಿ ಬಿದ್ದುಕೊಳ್ಳಬೇಕೋ ಬೇಡವೋ? ಭಟ್ಟರು ಬೆಳಿಗ್ಗೆ ಕೆರೆಗೆ ಹಾರಿ ಈಜುತ್ತಿದ್ದರು, ಆಮೇಲೆ ಸೈಕಲ್ ಹತ್ತಿ ಬೆಳ್ಮಣ್‌ವರೆಗೆ ಹೋಗಿ ಬರುತ್ತಿದ್ದರು, ಸಂಜೆ ಗದ್ದೆ ಬದಿಯ ರಸ್ತೆಯಲ್ಲಿ ಓಡುತ್ತಿದ್ದರು. ಅದೂ ಹೊಟ್ಟೆಗೆ ಒಂದು ಹನಿ ನೀರಿಲ್ಲದೆ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ.

ಈ ಹುಚ್ಚು ಹತ್ತಿದ್ದು ಅವಲಕ್ಕಿ ಬಡಿಸುವಾಗ. ಕಾಪುವಿನ ಕಡಲತೀರದಲ್ಲಿ ನಡೆದ ಟ್ರಯತ್ಲಾನ್‌ಗೆ ಹೋದ ವರ್ಷ ಬೆಳಗ್ಗಿನ ತಿಂಡಿ ಭಟ್ಟರದ್ದೇ ಆಗಿತ್ತು. ಸಮುದ್ರದಲ್ಲಿ ಮುಕ್ಕಾಲು ಕಿಲೋಮೀಟರ್ ಈಜಬೇಕು, ದಡ ಹತ್ತಿದ ಕೂಡಲೇ ಇಪ್ಪತ್ತು ಕಿಲೋಮೀಟರ್ ಸೈಕಲ್ ತುಳಿಯಬೇಕು, ಇಳಿದ ಕೂಡಲೇ ಐದು ಕಿಲೋಮೀಟರ್ ಓಡಬೇಕು. ಎಲ್ಲ ಎರಡೂವರೆ ಗಂಟೆಯೊಳಗೆ ಮುಗಿಯಬೇಕು. ಹೊಟ್ಟೆ ಮುಂದೆ ಬಂದ ಬ್ಯಾಂಕ್ ಮ್ಯಾನೇಜರೊಬ್ಬರು ಅದನ್ನು ಮುಗಿಸಿ, ಹೆಂಡತಿಯ ಭುಜ ಹಿಡಿದು ಮಗುವಿನ ಹಾಗೆ ಅತ್ತು, ಕಣ್ಣೊರೆಸಿಕೊಂಡು ಬಂದು ಎರಡನೆಯ ಸಲ ಅವಲಕ್ಕಿ ಹಾಕಿಸಿಕೊಂಡರು. ಭಟ್ಟರು ಸಟ್ಟುಗ ಹಿಡಿದು ನೋಡುತ್ತಲೇ ನಿಂತರು. ಮೂವತ್ತು ವರ್ಷ ಬೇರೆಯವರ ಮಗನ ಮುಂಜಿ, ಬೇರೆಯವರ ಮಗಳ ಮದುವೆ ಚಂದಗಾಣಿಸಿದ್ದಾಯಿತು. ತನ್ನದು ಎಂದು ಹೇಳಿಕೊಳ್ಳುವಂಥದ್ದು ಒಂದನ್ನಾದರೂ ಮುಗಿಸಬೇಕು ಎಂದು ಆಸೆಯಾಯಿತು.

ಆಸೆಯೇನೋ ಆಯಿತು, ಗ್ರಹಚಾರಕ್ಕೆ ಈ ವರ್ಷದ ಸ್ಪರ್ಧೆ ಏಕಾದಶಿಯ ದಿನವೇ ಬಂತು. ಬೇರೆ ಯಾವ ಭಾನುವಾರ ಬಂದಿದ್ದರೂ ಅವರು ಯಾರದೋ ಮನೆಯ ಅಂಗಳದಲ್ಲಿ ಅನ್ನ ಬೇಯುವ ಕಟಾರದೆದುರು ನಿಂತಿರಬೇಕಿತ್ತು. ಬಿಡುವಿದ್ದ ದಿನ ನೀರಿಲ್ಲ, ನೀರು ಕುಡಿಯಬಹುದಾದ ದಿನ ಬಿಡುವಿಲ್ಲ. ಭಟ್ಟರು ಹೆಸರು ಕೊಟ್ಟೇಬಿಟ್ಟರು. ಕೊನೆಗೆ ಅವರು, ಮುಗಿಸಿದವರಿಗೆಲ್ಲ ಕೊಡುವ ಮೆಡಲ್ ತಂದದ್ದು ಊರಿಗೆಲ್ಲ ಗೊತ್ತು. ಕಡಲ ದಂಡೆಯಲ್ಲಿ ಅದಕ್ಕೆ ಮುಂಚೆ ಆದದ್ದು ಹೆಚ್ಚಿನವರಿಗೆ ಗೊತ್ತಿಲ್ಲ.

ಏಕಾದಶಿಗೆ ನೀರು ಕುಡಿದರೆ ಆಕಾಶ ಕಳಚಿ ಬೀಳುತ್ತದೆಯೇ? ಇಲ್ಲ. ಅವರ ನೆಂಟರಲ್ಲೇ ಎಷ್ಟೋ ಜನ ನೀರು, ಹಾಲು, ಹಣ್ಣು ತೆಗೆದುಕೊಳ್ಳುವವರು. ಭಟ್ಟರದು ಬೇರೆ ಲೆಕ್ಕ. ಹನ್ನೊಂದು ವರ್ಷದ ಹಿಂದೆ ಹೆಂಡತಿ ನಳಿನಾಕ್ಷಿ, ಊರವರ ಬಾಯಲ್ಲಿ ನಳಿನಕ್ಕ, ಗದ್ದೆ ಕೆಲಸ ಮುಗಿಸಿ ಬಂದು ಇಲಿಜ್ವರದಲ್ಲಿ ಮಲಗಿದ್ದರು. ಮಣಿಪಾಲದ ಆಸ್ಪತ್ರೆಯಲ್ಲಿ ಒಂಬತ್ತು ದಿನ. ಕಿಡ್ನಿ ಕೆಲಸ ಮಾಡುತ್ತಿಲ್ಲ, ದೇವರ ಮೇಲೆ ಭಾರ ಹಾಕಿ ಎಂದು ಡಾಕ್ಟರು ಹೇಳಿದ ದಿನ ಭಟ್ಟರು ಮೆಟ್ಟಿಲ ಮೇಲೆ ಕುಳಿತು ಕೃಷ್ಣನಿಗೆ ಮಾತು ಕೊಟ್ಟರು. ಇವಳನ್ನು ಉಳಿಸಿಕೊಡು, ನಾನು ಬದುಕಿರುವವರೆಗೆ ಏಕಾದಶಿಗೆ ನೀರು ಮುಟ್ಟುವುದಿಲ್ಲ. ಮರುದಿನ ಕಿಡ್ನಿ ಕೆಲಸ ಶುರು ಮಾಡಿತು. ಅಲ್ಲಿಂದ ಇಲ್ಲಿಯವರೆಗೆ ಒಂದು ಏಕಾದಶಿಯೂ ತಪ್ಪಿಲ್ಲ. ತಪ್ಪಿದರೆ ಕೊಟ್ಟವನು ವಾಪಸು ಕೇಳುತ್ತಾನೆ ಎಂದು ಭಟ್ಟರ ಎದೆಯಲ್ಲಿ ಕೂತುಬಿಟ್ಟಿತ್ತು. ಆ ಭಯವನ್ನು ಅವರು ಹೆಂಡತಿಯ ಹತ್ತಿರವೂ ಬಾಯಿಬಿಟ್ಟು ಹೇಳಿದವರಲ್ಲ.

ಸೈಕಲ್ ಕೊಟ್ಟವರು ಶಾಮಿಯಾನದ ಜೋಕಿಮ್. ಭಟ್ಟರು ಅಡುಗೆ ಮಾಡುವಲ್ಲಿಗೆಲ್ಲ ಕುರ್ಚಿ, ಪಾತ್ರೆ ತಂದುಹಾಕುವವರು ಅವರೇ, ಇಪ್ಪತ್ತು ವರ್ಷದ ಸ್ನೇಹ.

"ಭಟ್ರೇ, ನಿಮಗೆ ತಲೆ ಸಮ ಉಂಟಾ?" ಎಂದರು ಜೋಕಿಮ್. "ನಮ್ಮಲ್ಲಾದರೆ ಪಾದ್ರಿಯವರ ಹತ್ತಿರ ಕೇಳಿದರೆ ಉಪವಾಸಕ್ಕೆ ಮಾಫಿ ಸಿಗ್ತದೆ. ನಿಮ್ಮಲ್ಲಿ ಕೇಳುವವರು ಯಾರೂ ಇಲ್ವಾ?"

"ಮಾತು ಕೊಟ್ಟದ್ದು ನಾನು. ಯಾರ ಹತ್ತಿರ ಕೇಳುವುದು?"

"ಬಿದ್ದರೆ ಎತ್ತಲಿಕ್ಕೆ ನಾನಂತೂ ಬರ್ತೇನೆ ಮಾರಾಯ್ರೆ, ಬೇರೆ ಎಂತ ಮಾಡುವುದು," ಎಂದು ಜೋಕಿಮ್ ಸೈಕಲ್ಲಿಗೆ ಗಾಳಿ ಹಾಕಿಕೊಟ್ಟರು.

ಹಿಂದಿನ ದಿನ ಶನಿವಾರ, ದಶಮಿ. ಕಾರ್ಕಳದಲ್ಲಿ ನಾನೂರು ಎಲೆಯ ಮುಂಜಿ ಊಟ. ಬೆಳಗಿನ ಜಾವ ಮೂರಕ್ಕೆ ಒಲೆ ಹಚ್ಚಿದ ಭಟ್ಟರು ಕೊನೆಯ ಪಂಕ್ತಿ ಎದ್ದ ಮೇಲೆ, ಮಧ್ಯಾಹ್ನ ಮೂರಕ್ಕೆ, ಅನ್ನಕ್ಕೆ ಎರಡು ಸಟ್ಟುಗ ಸಾರು ಹಾಕಿಕೊಂಡು ಉಂಡರು. ದಶಮಿಯ ರಾತ್ರಿ ಊಟವಿಲ್ಲ. ಮಲಗುವಾಗ ಸೊಂಟ ಬೇರೆಯವರದ್ದು ಎನ್ನುವ ಹಾಗಿತ್ತು. ನಳಿನಕ್ಕ ಎಣ್ಣೆ ತಿಕ್ಕಿದರು. ಹೋಗಬೇಡಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

ಭಾನುವಾರ ಆರೂವರೆಗೆ ಸೀಟಿ ಊದಿದರು. ಕೆರೆಯಲ್ಲಿ ಒಣ ತೆಂಗಿನಕಾಯಿ ಕಟ್ಟಿಕೊಂಡು ಈಜು ಕಲಿತವರು ಭಟ್ಟರು, ನೀರಿಗೆ ಹೆದರುವವರಲ್ಲ. ಅಂದು ಮಾತ್ರ ಹೆದರಿದರು. ಕೆರೆಯಲ್ಲಿ ಬಾಯಿಗೆ ಬಡಿಯುವ ಅಲೆಯಿಲ್ಲ, ಇಲ್ಲಿದೆ. ಕಡಲ ನೀರೂ ನೀರೇ ಅಲ್ಲವೇ? ಒಂದು ಗುಟುಕು ಒಳಗೆ ಹೋದರೂ ಮಾತು ಮುರಿಯಿತಲ್ಲ. ಉಳಿದವರೆಲ್ಲ ಮುಖ ಮುಳುಗಿಸಿ ಸರಸರನೆ ಹೋಗುತ್ತಿರುವಾಗ ಇವರು ಬಾಯಿ ಬಿಗಿದು, ಕುತ್ತಿಗೆ ಮೇಲೆತ್ತಿ, ಮೂಗಿನಲ್ಲೇ ಉಸಿರಾಡಿಕೊಂಡು ಈಜಿದರು. ಅಷ್ಟು ಚಂದ ಈಜಲು ಬರುವ ಮನುಷ್ಯ ಕೊನೆಯಿಂದ ಮೂರನೆಯವರಾಗಿ ದಡ ಹತ್ತುವುದನ್ನು ನೋಡಿ ಜೋಕಿಮ್ ತಲೆ ಚಚ್ಚಿಕೊಂಡರು. ಭಟ್ಟರ ಕುತ್ತಿಗೆ ಮರಗಟ್ಟಿತ್ತು. ತುಟಿಯ ಉಪ್ಪನ್ನು ನೆಕ್ಕದೆ ಟವೆಲಿನಿಂದ ಒರೆಸಿಕೊಂಡರು.

ಸೈಕಲ್ ಶಿರ್ವದವರೆಗೆ ಹೋಗಿ ವಾಪಸು. ಹೋಗುವಾಗ ಏರು, ಒಳ್ಳೆ ಬೆವರಿತು. ಬರುವಾಗ ಇಳಿಜಾರಿನಲ್ಲಿ ಕಾಲಿಗೆ ವಿಶ್ರಾಂತಿ ಸಿಕ್ಕಿತು, ಆದರೆ ಬೆವರುವುದು ನಿಂತೇಹೋಯಿತು. ನಾಲಗೆ ಅಂಗುಳಿಗೆ ಅಂಟಿಕೊಂಡಿತು. ರಸ್ತೆ ಬದಿಯಲ್ಲಿ ಪುಟ್ಟ ಹುಡುಗಿಯರು ನೀರಿನ ಬಾಟಲಿ ಚಾಚಿ ನಿಂತಿದ್ದರು. ಭಟ್ಟರು ಕೈಮುಗಿದು ಮುಂದೆ ಹೋದರು. ಯಾರೋ ದೊಡ್ಡ ಮನುಷ್ಯರು ನಮಸ್ಕಾರ ಮಾಡುತ್ತಿದ್ದಾರೆ ಎಂದು ಆ ಮಕ್ಕಳೂ ಕೈಮುಗಿದವು.

ಓಟ ಕಡಲ ಬದಿಯ ರಸ್ತೆಯಲ್ಲಿ. ಮೊದಲ ಎರಡು ಕಿಲೋಮೀಟರ್ ಓಡಿದರು ಎನ್ನಬಹುದು. ಮೂರನೆಯದು ನಡಿಗೆ. ಮತ್ತೆ ಅರ್ಧ ಆಗುವಷ್ಟರಲ್ಲಿ ಸುಡುಬಿಸಿಲಲ್ಲಿ ಮೈ ಚಳಿಯಾಗಿ ನಡುಗತೊಡಗಿತು, ತೊಡೆ ಹಿಡಿದುಕೊಂಡಿತು, ಕಣ್ಣಿಗೆ ರಸ್ತೆ ಎರಡಾಗಿ ಕಂಡಿತು. ದಂಡೆಯ ಕರಿಕಲ್ಲಿನ ಮೇಲೆ ಕುಳಿತುಬಿಟ್ಟರು. ಗಂಟೆ ಎಂಟು ಮುಕ್ಕಾಲಾಗಲು ಏಳು ನಿಮಿಷವಿತ್ತು, ಒಂಬತ್ತಕ್ಕೆ ಗಡುವು. ಇನ್ನು ಉಳಿದದ್ದು ಒಂದೂವರೆ ಕಿಲೋಮೀಟರ್. ಸಾಕಪ್ಪಾ ಸಾಕು ಎನಿಸಿತು. ಓಟ ಬಿಡಬಹುದು, ಮಾತು ಬಿಡಲಾಗುವುದಿಲ್ಲ.

ಜೋಕಿಮ್ ಅವರ ಸ್ಕೂಟರ್ ಬಂದು ನಿಂತಿತು. ಈಜು ಮುಗಿದ ಕೂಡಲೇ ಅವರು ಇನ್ನಂಜೆಗೆ ಹೋಗಿ ಕರೆತಂದಿದ್ದ ನಳಿನಕ್ಕ ಹಿಂದಿನ ಸೀಟಿನಿಂದ ಇಳಿದರು. ಕೈಯಲ್ಲಿ ಮನೆಯ ಹಿತ್ತಾಳೆ ತಂಬಿಗೆ, ಲೋಟ. ಜೋಕಿಮ್ ಹತ್ತಿರ ಬರಲಿಲ್ಲ, ಸ್ಕೂಟರನ್ನು ಸ್ವಲ್ಪ ದೂರ ತಳ್ಳಿಕೊಂಡು ಹೋಗಿ ಕಡಲು ನೋಡುತ್ತ ನಿಂತರು.

"ಕುಡಿಯಿರಿ," ಎಂದರು ನಳಿನಕ್ಕ.

"ಇವತ್ತು ಎಂತ ದಿನ ಅಂತ ಗೊತ್ತುಂಟಲ್ಲ."

"ಹನ್ನೊಂದು ವರ್ಷದಿಂದ ಗೊತ್ತುಂಟು."

"ನಿನಗಾಗಿ ಹೇಳಿಕೊಂಡದ್ದು ನಳಿನೀ. ನಾನು ಕುಡಿದು ನಿನಗೆ ಏನಾದರೂ ಆದರೆ..."

ನಳಿನಕ್ಕ ಪಕ್ಕದ ಕಲ್ಲಿನ ಮೇಲೆ ಕುಳಿತರು. ಅವರೂ ಆಯಾಸಗೊಂಡಿದ್ದರು, ಮುಖದಲ್ಲಿ ಕಾಣುತ್ತಿತ್ತು.

"ಪ್ರತಿ ಏಕಾದಶಿ ನಿಮ್ಮ ಒಣಗಿದ ಬಾಯಿ ನೋಡ್ತೇನೆ. ನಾನು ನೀರು ಕುಡಿಯುವುದು ಹಿತ್ತಲಿಗೆ ಹೋಗಿ, ಕಳ್ಳಿಯ ಹಾಗೆ. ಆ ಜ್ವರ ನನಗೆ ಯಾವಾಗಲೋ ಮರೆತುಹೋಗ್ತಿತ್ತು. ನೀವು ಮರೆಯಲಿಕ್ಕೆ ಬಿಡುವುದಿಲ್ಲ. ತಿಂಗಳಿಗೆ ಎರಡು ಸಲ ನನ್ನನ್ನು ಮತ್ತೆ ಆ ಮಂಚದ ಮೇಲೆ ಮಲಗಿಸ್ತೀರಿ. ಹನ್ನೊಂದು ವರ್ಷವಾಯಿತು, ನಾನಿನ್ನೂ ಆಸ್ಪತ್ರೆಯಲ್ಲೇ ಇದ್ದೇನೆ." ಲೋಟಕ್ಕೆ ನೀರು ಬಗ್ಗಿಸಿ ಚಾಚಿದರು. "ನನಗೆ ಸಾಕಾಗಿದೆ. ಇವತ್ತಾದರೂ ನನ್ನನ್ನು ಮನೆಗೆ ಕರೆದುಕೊಂಡು ಹೋಗಿ."

ಭಟ್ಟರು ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದರು. ಕುಡಿಯುವಷ್ಟು ಹೊತ್ತೂ ಹೆಂಡತಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. ಏನಾದರೂ ಆಗುತ್ತದೆಯೇ, ಉಸಿರು ತಪ್ಪುತ್ತದೆಯೇ ಎಂದು ಹೆದರಿ ನೋಡುತ್ತಲೇ ಇದ್ದರು.

ಏನೂ ಆಗಲಿಲ್ಲ. ನಳಿನಕ್ಕ ಖಾಲಿ ಲೋಟ ತೆಗೆದುಕೊಂಡು, ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಬಗ್ಗಿಸಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಏಕಾದಶಿಯ ದಿನ ಗಂಡನ ಎದುರಿಗೇ ಕುಳಿತು ಕುಡಿದರು.