ಎಡಗಡೆಯ ಹಿಂದಿನ ಚಕ್ರ

ನಮ್ಮವರಿಗೆ ಬಣ್ಣದ ಹುಚ್ಚು. ಕುಂಚ ಕೆಳಗಿಟ್ಟು ಕಲ್ಲುಗಣಿಗೆ ಪಿಕಪ್ ಓಡಿಸಲು ಶುರು ಮಾಡಿ ಎಷ್ಟೋ ವರ್ಷಗಳಾಗಿದ್ದರೂ ಜನ ಅವರನ್ನು ಕರೆಯುತ್ತಿದ್ದುದು ಪೇಂಟರ್ ಅಂತಲೇ. ಗೇಟು, ನೀರಿನ ಡ್ರಮ್ಮು, ಕಿಟಕಿಯ ಸರಳು, ಕೊನೆಗೆ ನನ್ನ ಹಿಟ್ಟಿನ ಡಬ್ಬದ ಮುಚ್ಚಳ ಕೂಡ ಅವರ ಕೈಯಿಂದ ತಪ್ಪಿಸಿಕೊಂಡಿರಲಿಲ್ಲ. ಒಮ್ಮೆ ಒಣಗದ ಕುರ್ಚಿಯ ಮೇಲೆ ಕೂತು ನೆಂಟರ ಮದುವೆಗೆ ಹಸಿರು ಪಟ್ಟೆ ಹೊತ್ತು ಹೋದವಳು ನಾನು. ಬರಿ ಕಬ್ಬಿಣ ಕಂಡರೆ ಅವರಿಗೆ ಚಳಿಯಲ್ಲಿ ಬೆತ್ತಲೆ ಮಗು ನಿಂತಿದ್ದನ್ನು ಕಂಡಷ್ಟು ಸಂಕಟವಾಗುತ್ತಿತ್ತು.

ನಮ್ಮ ಮನೆ ಗುಡ್ಡದ ಮೇಲೆ, ಗಣಿಯ ಪಕ್ಕ. ಆಸ್ಪತ್ರೆ, ಅಂಗಡಿ, ಸ್ಕೂಲು ಎಲ್ಲ ಕೆಳಗೆ. ನಡುವೆ ಇರುವುದು ಒಂದೇ ರಸ್ತೆ, ಇಳಿಯುವಾಗ ಬಲಕ್ಕೆ ಬಂಡೆ, ಎಡಕ್ಕೆ ಕಣಿವೆ. ಲಾರಿಗಳು ತುಳಿದು ತುಳಿದು ಮೇಲಿನ ಅರ್ಧ ಹಾದಿ ಹೊಂಡ ಬಿದ್ದಿತ್ತು. ಮಗಳು ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿ ಬರುವಾಗ ಗಾಡಿಯ ಹೊಟ್ಟೆ ಕಲ್ಲಿಗೆ ಬಡಿದು, ಇವಳು ಎರಡೂ ಕೈಯಲ್ಲಿ ತನ್ನ ಹೊಟ್ಟೆ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು. ಅವರು ಅದನ್ನು ನೋಡಿದರು. ಆ ದಿನವೇ ತೀರ್ಮಾನವಾಯಿತು.

"ದೊಡ್ಡ ಟೈರು ಹಾಕಿಸ್ತೀನಿ. ಅಗಲದ್ದು. ನನ್ನ ಮಗಳು ತೊಟ್ಟಿಲಲ್ಲಿ ಕೂತ ಹಾಗೆ ಇಳೀಬೇಕು."

"ಇರೋ ಚಕ್ರಕ್ಕೆ ಏನಾಗಿದೆ ರೀ? ಗಾಡಿ ಕೊಟ್ಟವನು ತಲೆ ಇಲ್ದೆ ಕೊಟ್ಟಿದ್ದಾನಾ?" ಅಂದೆ.

"ನಿನಗೆ ಅದೆಲ್ಲ ಗೊತ್ತಾಗಲ್ಲ ಸುಮ್ನಿರೇ."

ನನಗೆ ಯಾವತ್ತು ಏನು ಗೊತ್ತಾಗಿದೆ! ಆದರೂ ಜೊತೆಗೆ ಹೋದೆ. ಟೈರ್ ಅಂಗಡಿಯವನು ಒಳ್ಳೆಯವನು, ಮಾತಿನ ಮಲ್ಲ. ಅಗಲದ ಟೈರಿಗೆ ಅಗಲದ ರಿಮ್ಮೇ ಬೇಕು ಅಂತ ಮಿಂಚುವ ಅಲಾಯ್ ರಿಮ್ಮು ತೋರಿಸಿದ, ಕೆಳಗಿಟ್ಟ. "ಷೋಕಿಗಾದ್ರೆ ಇದು ಪೇಂಟರಣ್ಣ. ಕಲ್ಲು ಹೊರೋ ಗಾಡಿಗೆ ಬೇಡ, ಸೀಳು ಬಿಡುತ್ತೆ." ಆಮೇಲೆ ಒಳಗಿನಿಂದ ದಪ್ಪ ಉಕ್ಕಿನ ರಿಮ್ಮು ಉರುಳಿಸಿಕೊಂಡು ಬಂದ. ನಮ್ಮವರು ಅದನ್ನು ತಟ್ಟಿದರು, ಎತ್ತಿದರು, ಗಾಡಿಯ ಪಕ್ಕ ನಿಲ್ಲಿಸಿ ಕಣ್ಣು ಕಿರಿದು ಮಾಡಿ ನೋಡಿದರು. ಹೆಣ್ಣು ನೋಡಲು ಬಂದಾಗಲೂ ನನ್ನನ್ನು ಇಷ್ಟು ಹೊತ್ತು ನೋಡಿರಲಿಲ್ಲ ಈ ಮಹಾರಾಯರು. ಅದೇ ಆಯಿತು.

"ಎರಡು ಮಾತು ನೆನಪಿಟ್ಕೊಳ್ಳಿ," ಅಂದ ಅಂಗಡಿಯವನು. "ಟೈರು ದೊಡ್ಡದು. ಹೊಂಡದಲ್ಲಿ ಮಡ್‌ಗಾರ್ಡಿಗೆ ತಾಗಿ ಟಕ್ ಟಕ್ ಅನ್ನಬಹುದು, ಹೆದರ್ಬೇಡಿ, ಪ್ಲಾಸ್ಟಿಕ್ ಸ್ವಲ್ಪ ಕತ್ತರಿಸಿದ್ರೆ ಸರಿಹೋಗುತ್ತೆ. ಇನ್ನೊಂದು, ನಾಲ್ಕು ದಿನ ಓಡಿಸಿ ನಟ್ಟು ಮತ್ತೊಮ್ಮೆ ಬಿಗಿ ಮಾಡಿ. ಹೊಸ ಚಕ್ರ, ಕೂತ್ಕೊಳ್ಳೋಕೆ ಟೈಮು ಬೇಕು."

ಮೊದಲನೆಯ ಮಾತು ಅವರ ತಲೆಯಲ್ಲಿ ಭದ್ರವಾಗಿ ಉಳಿಯಿತು.

ರಿಮ್ಮುಗಳ ಬಣ್ಣ ಮಂಕು ಕಪ್ಪು. ಅದನ್ನು ಹಾಗೇ ಹಾಕಿಕೊಂಡು ಓಡಾಡಿದರೆ ಇವರು ಪೇಂಟರ್ ಹೇಗಾದಾರು? ಟೈರು ಕೂರಿಸುವ ಮುಂಚೆಯೇ ಮನೆಗೆ ತಂದು ಅಂಗಳದಲ್ಲಿ ಸಾಲಾಗಿ ಮಲಗಿಸಿ ಕೆಂಪು ಬಳಿದರು. ಒಂದು ಕೋಟು ಒಣಗಲಿಲ್ಲ, ಇನ್ನೊಂದು. ಅದರ ಮೇಲೆ ಮತ್ತೊಂದು. ಮುಂದೆ ಸರಿ, ತಿರುಗಿಸಿ ಹಿಂದೆಯೂ ಬಳಿದರು. ನಟ್ಟು ಕೂರುವ ತೂತುಗಳ ಒಳಗೆ ಸಣ್ಣ ಕುಂಚ ಬಿಟ್ಟು ತಿರುವಿದರು.

"ಅಲ್ಲಿ ಯಾರು ನೋಡ್ತಾರಪ್ಪಾ?" ಮಗಳು ನಕ್ಕಳು.

"ನಾನು ನೋಡ್ತೀನಲ್ಲ."

ಆ ಜಾಗದಲ್ಲಿ ಕಬ್ಬಿಣ ಕಬ್ಬಿಣವನ್ನೇ ಒತ್ತಿ ಹಿಡಿಯಬೇಕು. ನಡುವೆ ದಪ್ಪ ಬಣ್ಣ ಇದ್ದರೆ ಭಾರಕ್ಕೆ, ಬಿಸಿಗೆ ಅದು ಮೆತ್ತಗೆ ಜಾರುತ್ತದೆ, ಬಣ್ಣ ತೆಳುವಾದಷ್ಟೂ ನಟ್ಟು ಸಡಿಲವಾಗುತ್ತದೆ, ಸಡಿಲವಾದ ನಟ್ಟಿನ ಬುಡದಿಂದ ತುಕ್ಕು ಇಳಿಯುತ್ತದೆ. ಇದು ನಮಗೆ ಗೊತ್ತಾದದ್ದು ಆಮೇಲೆ. ಆ ಬೆಳಿಗ್ಗೆ ನಮಗೆ ಕಂಡದ್ದು ಬಿಸಿಲಿಗೆ ಹೊಳೆಯುವ ಕೆಂಪು ಮಾತ್ರ. ಟೈರು ಕೂರಿಸಿಕೊಂಡು ಬಂದು ಚಕ್ರಗಳನ್ನು ತಾವೇ ಜೋಡಿಸಿದರು. ಕೊನೆಗೆ ನಟ್ಟುಗಳ ತಲೆಗೆ ಬಿಳಿ ಬಣ್ಣ ಇಟ್ಟರು. ಗಾಡಿ ಒಂದು ಗೇಣು ಎತ್ತರವಾಗಿ, ಎದೆ ಉಬ್ಬಿಸಿ ನಿಂತಿತ್ತು. ಸುಳ್ಳು ಯಾಕೆ, ನನಗೂ ಚೆಂದ ಕಂಡಿತು.

ನಾಲ್ಕು ದಿನ ಕಳೆಯಿತು. "ನಟ್ಟು ಬಿಗಿ ಮಾಡ್ಬೇಕಂತೆ ಅಲ್ವಾ?" ಅಂದೆ.

"ಸ್ಪ್ಯಾನರ್ ಹಾಕಿದ್ರೆ ಬಿಳಿ ಬಣ್ಣ ಎದ್ದು ಹೋಗುತ್ತೆ ಕಣೇ. ನಾನೇ ಮೈಯೆಲ್ಲಾ ಭಾರ ಹಾಕಿ ಬಿಗಿದಿದ್ದು. ಆನೆ ಎಳೆದ್ರೂ ಬರಲ್ಲ."

ಮುಂದಿನ ವಾರ ಆ ಸದ್ದು ಶುರುವಾಯಿತು. ಟಕ್. ಸ್ವಲ್ಪ ಬಿಟ್ಟು, ಟಕ್. ಗಾಡಿ ನಿಧಾನವಾದಾಗ ಮಾತ್ರ, ನನ್ನ ಸೀಟಿನ ಹಿಂದಿನಿಂದ. ಯಾರೋ ಬೆರಳಿನ ಗೆಣ್ಣಿನಿಂದ ಬಾಗಿಲು ತಟ್ಟಿ ಸುಮ್ಮನಾದ ಹಾಗೆ. ನಾನು ಹೆದರಿ ಹಿಂದೆ ತಿರುಗಿ ನೋಡಿದೆ. ಅವರಿಗೆ ಖುಷಿ! "ನೋಡಿದ್ಯಾ, ಅಂಗಡಿಯವನು ಹೇಳಿದ್ನಲ್ಲ, ಮಡ್‌ಗಾರ್ಡು!" ಗಾಡಿಯ ಕೆಳಗೆ ಮಲಗಿ ಪ್ಲಾಸ್ಟಿಕ್ ಕತ್ತರಿಸಿ ಬಿಸಾಕಿದರು. ಎರಡು ದಿನ ಸದ್ದು ಕೇಳಿಸಲಿಲ್ಲ, ಇಲ್ಲವೇ ಕೇಳಿಸಲಿಲ್ಲ ಅಂದುಕೊಂಡೆವು. ಮೂರನೆಯ ದಿನ ಮತ್ತೆ ಬಂತು. ಅವರು ಇನ್ನಷ್ಟು ಕತ್ತರಿಸಿದರು.

ಅದೇ ದಿನಗಳಲ್ಲಿ ಎಡಗಡೆಯ ಹಿಂದಿನ ಚಕ್ರದಲ್ಲಿ, ಬಿಳಿ ನಟ್ಟುಗಳ ಬುಡದಿಂದ ತುಕ್ಕಿನ ಸಣ್ಣ ಗೆರೆಗಳು ಹೊರಟವು. ಒಂದೊಂದು ನಟ್ಟಿನಿಂದ ಒಂದೊಂದು, ಅಳುವ ಕಣ್ಣಿನ ಹಾಗೆ. ಅಂಗಳ ಗುಡಿಸುವಾಗ ಆ ಚಕ್ರದ ಕೆಳಗೆ ಕೆಂಪು ಬಣ್ಣದ ಚಕ್ಕೆಗಳು ಸಿಕ್ಕವು. ಅಂಗೈಯಲ್ಲಿಟ್ಟು ಅವರಿಗೆ ತೋರಿಸಿದೆ.

ಅವರ ಮುಖ ಕೆಟ್ಟಿತು. "ಥೂ! ಬಣ್ಣ ಆರೋ ಮುಂಚೆ ಮಂಜು ಬಿದ್ದಿದೆ. ನನ್ನ ಕೆಲಸ ಹೀಗಾಗೋದಾ?" ಕುಂಚ ತಂದು ಕುಕ್ಕರುಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು, ಆ ಗೆರೆಗಳನ್ನೆಲ್ಲ ಮುಚ್ಚಿದರು.

ಗೆರೆ ಮತ್ತೆ ಬಂತು. ಅವರು ಮತ್ತೆ ಮುಚ್ಚಿದರು.

"ರೀ, ಕೈ ಮುಗೀತೀನಿ, ಒಂದ್ಸಲ ಅಂಗಡಿಯವನಿಗೆ ತೋರಿಸ್ರೀ. ಬಸುರಿ ಮಗಳು ಕೂರೋ ಗಾಡಿ ಇದು."

"ಪೇಂಟರ್ ಹಾಕಿದ ಬಣ್ಣಕ್ಕೆ ತುಕ್ಕು ಹಿಡೀತು ಅಂತ ನಾನೇ ಹೋಗಿ ಡಂಗುರ ಸಾರಲಾ? ಭಾನುವಾರ ಪೂರ್ತಿ ಕೆರೆದು ಹೊಸದಾಗಿ ಬಳಿತೀನಿ, ಬಿಡು."

ಶುಕ್ರವಾರ ಬೆಳಿಗ್ಗೆ ಮಗಳಿಗೆ ನೋವು ಕಾಣಿಸಿತು.

ಹಿಂದೆ ಕಲ್ಲಿನ ಹೊರೆ ಇಲ್ಲದ ಗಾಡಿ. ಅವರು ಸ್ಟಿಯರಿಂಗ್ ಹಿಡಿದಿದ್ದರು, ನಡುವೆ ಮಗಳು, ಎಡಗಡೆ ಕಿಟಕಿಯ ಪಕ್ಕ ನಾನು. ಹೊಂಡದ ಹಾದಿ ನಿಜವಾಗಿಯೂ ತೊಟ್ಟಿಲಿನ ಹಾಗೆ ಕಳೆಯಿತು. "ಹೇಗಿದೆ ಪುಟ್ಟಾ? ಕುಲುಕ್ತಾ?" ಅಂತ ಮತ್ತೆ ಮತ್ತೆ ಕೇಳುತ್ತಿದ್ದರು. ಆ ನೋವಲ್ಲೂ ಅವಳು "ಇಲ್ಲಪ್ಪಾ" ಅಂದಳು. ಟಕ್ ಸದ್ದು ಆ ದಿನ ಬಿಟ್ಟು ಬಿಟ್ಟು ಬರಲಿಲ್ಲ. ಒಂದೇ ಸಮನೆ ಬಡಿಯುತ್ತಿತ್ತು. ನಾನು ಅವರ ಕಡೆ ನೋಡಿದೆ. ಅವರು ರಸ್ತೆ ನೋಡುತ್ತಿದ್ದರು.

ಡಾಂಬರು ಬಂತು, ಇಳಿಜಾರಿನಲ್ಲಿ ಗಾಡಿಗೆ ವೇಗ ಸಿಕ್ಕಿತು. ಎಡಕ್ಕೆ ತಿರುಗುವ ದೊಡ್ಡ ತಿರುವಿನಲ್ಲಿ ಸದ್ದು ತಟ್ಟನೆ ನಿಂತಿತು. ಅಬ್ಬಾ ಅಂದುಕೊಂಡೆ. ಅಷ್ಟರಲ್ಲಿ ನನ್ನ ಕಿಟಕಿಯ ಪಕ್ಕದಿಂದ ಒಂದು ಚಕ್ರ ನಮ್ಮನ್ನು ದಾಟಿ, ಯಾವ ಅವಸರವೂ ಇಲ್ಲದೆ ಮುಂದೆ ಉರುಳಿಕೊಂಡು ಹೋಯಿತು.

"ಅರೆ, ಯಾರ ಚಕ್ರನೋ ಕಿತ್ಕೊಂಡು ಬಂದಿದೆ," ಅಂದರು ಅವರು. "ಎಷ್ಟು ನೀಟಾಗಿ ಬಣ್ಣ ಹೊಡ್ದಿದ್ದಾರೆ ನೋ..."

ಮಾತು ಅಲ್ಲಿಗೇ ನಿಂತಿತು. ತಿರುವು ಮುಗಿದು, ಬಲಕ್ಕೆ ವಾಲಿದ್ದ ಭಾರ ಎಡಕ್ಕೆ ಬಿದ್ದದ್ದೇ ನನ್ನ ಹಿಂದಿನ ಮೂಲೆ ಧಡ್ಡನೆ ಕುಸಿಯಿತು, ಕಬ್ಬಿಣ ಡಾಂಬರನ್ನು ಸೀಳುವ ಸದ್ದಾಯಿತು, ಗಾಡಿ ಕಣಿವೆಯ ಕಡೆ ಎಳೆಯಿತು. ನನ್ನ ಕಿಟಕಿಯಲ್ಲಿ ಆಕಾಶ ಬಿಟ್ಟು ಏನೂ ಕಾಣಲಿಲ್ಲ. ಅವರು ಒಂದು ಸಲ ಮಗಳನ್ನು ನೋಡಿದರು. ಆಮೇಲೆ ಇದ್ದ ಬಲವೆಲ್ಲ ಹಾಕಿ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದರು, ಬಂಡೆಯ ಕಡೆಗೆ, ತಮ್ಮ ಬಾಗಿಲಿನ ಕಡೆಗೆ.

ನನಗೆ ಒಂದು ಪಕ್ಕೆಲುಬು ಮುರಿಯಿತು. ಮಗಳಿಗೆ ಹಣೆಯ ಮೇಲೆ ಗಾಯವಾಯಿತು. ಹೆರಿಗೆ ಆಸ್ಪತ್ರೆಯಲ್ಲೇ ಆಯಿತು, ಹೆಣ್ಣು ಮಗು, ಗಟ್ಟಿಮುಟ್ಟಾಗಿದೆ. ಅವರನ್ನು ಬಂಡೆಯಿಂದ ಬಿಡಿಸಿ ತೆಗೆಯುವ ಹೊತ್ತಿಗೆ ಜೀವ ಇರಲಿಲ್ಲ.

ಟೈರ್ ಅಂಗಡಿಯವನು ಆ ಚಕ್ರವನ್ನು ಹುಡುಕಿ ತಂದ. ಮುಂಬದಿಯ ಬಣ್ಣಕ್ಕೆ ಒಂದು ಗೀರೂ ಇರಲಿಲ್ಲ. ಅವನು ಚಕ್ರ ತಿರುಗಿಸಿ ಹಿಂದಿನ ಕೆಂಪನ್ನು ಉಗುರಿನಿಂದ ಕೆರೆದ. ಬಣ್ಣ ಮೇಣದ ಹಾಗೆ ಸುರುಳಿಯಾಗಿ ಬಂತು. "ಅಕ್ಕಾ, ಇಲ್ಲಿಗೂ ಬಳಿದಿದ್ರು. ಟೈರು ಕೂರಿಸೋವಾಗ ನಾನೂ ನೋಡಿದ್ದೆ. ಏನು ನೀಟು ಕೆಲಸ ಪೇಂಟರಣ್ಣಾ ಅಂತ ಹೊಗಳಿ ಕಳಿಸಿದ್ದೆ ಅಕ್ಕಾ," ಅಂದು ಅಂಗಳದಲ್ಲೇ ಕುಸಿದು ಕೂತ. ಅವನಿಗೆ ನೀರು ಕೊಟ್ಟೆ. ಚಕ್ರ ತೆಗೆದುಕೊಂಡು ಹೋಗು ಅಂದೆ.

ಈಗ ಮೊಮ್ಮಗಳು ಗೇಟು ಹಿಡಿದು ನಿಲ್ಲುತ್ತಾಳೆ. ಅವಳ ಅಂಗೈಗೆ ಹಸಿರು ಚಕ್ಕೆ ಅಂಟಿಕೊಳ್ಳುತ್ತದೆ, ಅದರ ಕೆಳಗಿನ ತುಕ್ಕೂ ಅಂಟುತ್ತದೆ. "ಗೇಟು ಹಾಳಾಗ್ತಿದೆಯಲ್ಲಮ್ಮಾ, ಒಂದು ಕೈ ಬಣ್ಣ ಹೊಡೆಸೋಣ," ಅನ್ನುತ್ತಾಳೆ ಮಗಳು.

ಬೇಡ ಅನ್ನುತ್ತೇನೆ. ತುಕ್ಕು ಹಿಡಿದರೆ ಕಣ್ಣಿಗೆ ಕಾಣಲಿ.