ಡಿಲಿಸ್ ಪ್ರೋಬರ್ಟ್ ಕಿಟಕಿಯಲ್ಲಿಟ್ಟ ಸ್ನೋಡ್ರಾಪ್

ನಮ್ಮ ವೆಥರ್‌ಬ್ರೂಕಿನಲ್ಲಿ ಮೂವತ್ತೆಂಟು ವರ್ಷ ಅಂಚೆ ಹಂಚಿದವಳು ನಾನು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯ ಯಜಮಾನ ಬೊಗಳುತ್ತಾನೆ, ಎಲ್ಲ ಬಲ್ಲೆ. ಚಳಿಗಾಲದಲ್ಲಿ ಮಾತ್ರ ಊರಿನವರು ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇವತ್ತೂ ಇಟ್ಟಿದಾಳಾ, ನೆಸ್ತಾ?" ಇಟ್ಟಿದ್ದಾಳೆ ಎನ್ನುತ್ತಿದ್ದೆ. ಡಿಲಿಸ್ ಪ್ರೋಬರ್ಟಳ ಅಡುಗೆಮನೆಯ ಕಿಟಕಿ ರಸ್ತೆಯ ಕಡೆಗಿತ್ತು. ಅಕ್ಟೋಬರ್ ಮೊದಲ ವಾರದಿಂದ ಮಾರ್ಚ್ ಮುಗಿಯುವವರೆಗೂ ಅಲ್ಲಿ ಬೇಯಿಸಿದ ಮೊಟ್ಟೆ ಇಡುವ ಪುಟ್ಟ ಬಟ್ಟಲಿನಲ್ಲಿ ಒಂದೇ ಒಂದು ಸ್ನೋಡ್ರಾಪ್ ಹೂವು ತಲೆ ತಗ್ಗಿಸಿಕೊಂಡು ನಿಂತಿರುತ್ತಿತ್ತು. ನೋಡಿದವರು ಶಿಲುಬೆಯ ಗುರುತು ಹಾಕಿಕೊಂಡು ಮುಂದೆ ಹೋಗುತ್ತಿದ್ದರು.

ಒಂಟಿ ಸ್ನೋಡ್ರಾಪನ್ನು ಮನೆಯೊಳಗೆ ತಂದರೆ ಆ ಮನೆಯಿಂದ ಹೆಣ ಹೊರಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಗೋರಿಗಳ ನಡುವೆ ಬೆಳೆಯುವ ಹೂವು, ಮೇಲಾಗಿ ಬಿಳಿ. ಅಷ್ಟೇ ಸಾಕ್ಷಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು.

೧೯೩೩ರ ಫೆಬ್ರವರಿಯಲ್ಲಿ ಡಿಲಿಸಳಿಗೆ ಏಳು ವರ್ಷ, ನನಗೆ ಐದು. ಅವಳ ತಾಯಿ ಮಾರ್ವಿದ್ ಎದೆಯಲ್ಲಿ ಕಫ ಕಟ್ಟಿ ಹಾಸಿಗೆ ಹಿಡಿದಿದ್ದಳು. ಅಮ್ಮನಿಗೆ ಖುಷಿಯಾಗಲಿ ಎಂದು ಮಗು ಚರ್ಚಿನ ಗೋಡೆಯ ಬುಡದಿಂದ ಒಂದು ಹೂವು ಕಿತ್ತು ತಂದು ಹಾಸಿಗೆಯ ಪಕ್ಕ ಇಟ್ಟಿತು. ಮೂರನೆಯ ದಿನ ತಾಯಿ ತೀರಿಕೊಂಡಳು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ಜನ, ಕೈಯಲ್ಲಿ ಹಂದಿಮಾಂಸದ ಬ್ರೆಡ್ಡು. ಆಗ ಮಾರ್ವಿದಳ ಅಕ್ಕ ಕೆಟ್ಯೂರಾ ಎಲ್ಲರಿಗೂ ಕೇಳುವಂತೆ ಹೇಳಿದಳು: "ಹೂವು ಒಳಗೆ ತಂದೋಳು ಇವಳೇ. ನನ್ನ ತಂಗೀನ ಕಳಿಸಿದ್ದೂ ಇವಳೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶಾಲೆಯಲ್ಲಿ ಡಿಲಿಸಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ನಾನೂ ಕೂರಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

೧೯೪೯ರಲ್ಲಿ ಅವಳು ರೈಲು ಹಳಿ ರಿಪೇರಿಯ ಎಮ್ರಿಸನನ್ನು ಮದುವೆಯಾದಳು. ಸ್ವಂತ ಅಡುಗೆಮನೆ ಸಿಕ್ಕಿದ ಮೊದಲ ಚಳಿಗಾಲವೇ ಕಿಟಕಿಗೆ ಹೂವು ಬಂತು. ಮರುವರ್ಷ ನಾನು ಅಂಚೆ ಕೆಲಸಕ್ಕೆ ಸೇರಿದೆ. ಕಾಗದ ಕೊಡುವ ನೆಪದಲ್ಲಿ ಒಳಗೆ ಹೋಗಿ ಕೇಳಿದೆ, "ಯಾಕೇ ಊರಿನ ಬಾಯಿಗೆ ಬೀಳ್ತೀಯ?"

"ಬಿದ್ದು ಹದಿನೇಳು ವರ್ಷ ಆಯ್ತಲ್ಲ," ಎಂದಳು. "ಫೆಬ್ರವರೀಲಿ ಎರಡು ವಾರ ಇಟ್ರೆ ಅದೃಷ್ಟ ಚೆನ್ನಾಗಿತ್ತು, ಬಚಾವಾದ್ರು ಅಂತಾರೆ. ಚಳಿಗಾಲ ಪೂರ್ತಿ ಇಡ್ತೀನಿ. ಒಂದು ವಾರಾನೂ ಬಿಡಲ್ಲ. ಯಾರನ್ನ ಕೊಲ್ಲುತ್ತೋ ನೋಡೇಬಿಡೋಣ."

ಹಟವೇನೋ ಸರಿ, ಹೂವು ಬೇಕಲ್ಲ? ಊರಿನ ಸ್ನೋಡ್ರಾಪ್ ಜನವರಿ ಕೊನೆಗೆ ಬಂದು ಫೆಬ್ರವರಿಗೆ ಮುಗಿಯುತ್ತದೆ. ಉಳಿದ ತಿಂಗಳುಗಳಿಗಾಗಿ ಅವಳು ಅಲ್ಲಿಲ್ಲಿ ಕಾಗದ ಬರೆದು, ಕಾಡಿ ಬೇಡಿ ಗಡ್ಡೆ ತರಿಸಿದಳು. ಅದರಲ್ಲಿ ಅರ್ಧ ಕಾಗದ ನನ್ನ ಚೀಲದಲ್ಲೇ ಹೋದದ್ದು. ಮೊದಮೊದಲು ಅಂಗಡಿಯ ಒಣ ಗಡ್ಡೆ ಕೊಂಡು ಕೆಟ್ಟಳು. ಸ್ನೋಡ್ರಾಪಿನ ಗಡ್ಡೆ ಒಣಗಿದರೆ ಸತ್ತಂತೆ. ಹೂವು ಮುಗಿದ ಮೇಲೆ, ಎಲೆ ಇನ್ನೂ ಹಸಿರಾಗಿರುವಾಗಲೇ ಕಿತ್ತು ನೆಡಬೇಕು. ಅಪರೂಪದ್ದಾದರೆ ಗಡ್ಡೆಯನ್ನು ಬ್ಲೇಡಿನಲ್ಲಿ ಕಿತ್ತಳೆಯ ತೊಳೆಗಳ ಹಾಗೆ ಸೀಳಬೇಕು. ಪ್ರತಿ ಚೂರಿಗೂ ಬೇರು ಹೊರಡುವ ತಳದ ಬಿಲ್ಲೆ ಒಂದಿಷ್ಟು ಅಂಟಿಕೊಂಡಿರಬೇಕು. ಚೂರುಗಳನ್ನು ತೇವದ ಮರಳಿನ ಜೊತೆ ಚೀಲದಲ್ಲಿ ಕಟ್ಟಿ ಬೆಚ್ಚಗೆ ಇಟ್ಟರೆ ಮೂರು ತಿಂಗಳಿಗೆ ಮರಿಗಡ್ಡೆ, ನಾಲ್ಕು ವರ್ಷಕ್ಕೆ ಹೂವು. ಬಿಸಿನೀರಿನ ಕೊಳವೆ ಹಾದ, ಬಟ್ಟೆ ಒಣಗಿಸುವ ಬೀರುವಿನಲ್ಲಿ ಎಮ್ರಿಸನ ಒಳಅಂಗಿಗಳ ನಡುವೆ ಈ ಚೀಲಗಳು ಇರುತ್ತಿದ್ದವು. "ನನ್ನ ಬನಿಯನ್ನಲ್ಲೂ ಬೇರು ಬಿಟ್ಟಿದೆ," ಎಂದು ಆತ ನಗುತ್ತಿದ್ದ.

ಹತ್ತು ವರ್ಷದಲ್ಲಿ ಅವಳ ಹಿತ್ತಿಲೇ ಪಂಚಾಂಗವಾಯಿತು. ಅಕ್ಟೋಬರಿಗೆ ಗ್ರೀಸಿನ ಬೆಟ್ಟದ ಜಾತಿ, ಎಲೆಗಿಂತ ಮೊದಲು ಹೂವು ಬಿಡುವಂಥದು. ನವೆಂಬರಿಗೆ ಬೂದುಬಣ್ಣದ ಅಗಲ ಎಲೆಯ ಟರ್ಕಿಯದು. ಅದರಲ್ಲೇ ಆರಿಸಿದ ಇನ್ನೊಂದು ಕ್ರಿಸ್‌ಮಸ್ಸಿನಿಂದ ಮುಂದಕ್ಕೆ. ಜನವರಿ ಕೊನೆಗೆ ಊರಿನದು, ಫೆಬ್ರವರಿಗೆ ಒಳಗೆ ಹಸಿರು ನೆರಿಗೆಯ ದುಂಡು ಹೂವು, ಮಾರ್ಚಿಗೆ ಎಲೆಯ ಅಂಚು ಹಿಂದಕ್ಕೆ ಮಡಚಿಕೊಂಡ ಸೋಮಾರಿ. ದೂರದೂರದಿಂದ ಹೂವಿನ ಹುಚ್ಚರು ಬರುತ್ತಿದ್ದರು. ಒಳ್ಳೆಯ ಕೋಟು ಹಾಕಿಕೊಂಡೇ ಕೆಸರಿನಲ್ಲಿ ಮಂಡಿಯೂರಿ, ಒಂದೊಂದು ಹೂವಿನ ಗದ್ದವನ್ನೂ ಬೆರಳಿನಿಂದ ಎತ್ತಿ ಒಳಗಿನ ಹಸಿರು ಗುರುತನ್ನು ನೋಡುತ್ತಿದ್ದರು. ಬಂದವರು ಮಂಡಿಯೂರುವುದು ಡಿಲಿಸಳಿಗೆ ಬಹಳ ಹಿಡಿಸುತ್ತಿತ್ತು.

ಮೂವತ್ತು ವರ್ಷ ಆ ಮನೆಯಿಂದ ಹೆಣ ಹೊರಡಲಿಲ್ಲ. ಆದರೂ ಊರು ಒಪ್ಪಲಿಲ್ಲ.

೧೯೭೯ರಲ್ಲಿ ಕೆಟ್ಯೂರಾ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಎಂಬತ್ತನಾಲ್ಕು ವರ್ಷ, ಮಕ್ಕಳಿಲ್ಲ, ಹತ್ತಿರದವಳೆಂದರೆ ಡಿಲಿಸ್ ಒಬ್ಬಳೇ. ಅವಳು ಮುದುಕಿಯನ್ನು ಮನೆಗೆ ಕರೆತಂದಳು. "ನಿಂಗೇನು ತಲೆ ಕೆಟ್ಟಿದ್ಯಾ?" ಎಂದೆ. "ಕಿಟಕಿ ಎದುರಿಗೇ ಕೂತು ನೋಡ್ಲಿ ಅಂತ," ಎಂದಳು.

ಐದು ಚಳಿಗಾಲ ಆ ಮನೆಯಲ್ಲಿ ಯುದ್ಧ. ಮುದುಕಿ ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡಳು. ಕೈಗೆ ಸಿಕ್ಕಿದ ಹೂವನ್ನು ಒಲೆಗೆ ಹಾಕಿದಳು.

"ನನ್ನ ಕೊಲ್ಲೋಕೇ ಕರ್ಕೊಂಡ್ ಬಂದಿದೀಯ, ಅಲ್ವೇನೇ?"

"ಕೊಲ್ಲೋದಾಗಿದ್ರೆ ನನ್ನ ಅಡುಗೇನೇ ಸಾಕಿತ್ತು, ದೊಡ್ಡಮ್ಮ. ಸುಮ್ನೆ ಉಣ್ಣಿ," ಎಂದು ಡಿಲಿಸ್ ಹಿತ್ತಿಲಿಗೆ ಹೋಗಿ ಇನ್ನೊಂದು ಹೂವು ತರುತ್ತಿದ್ದಳು. ಮಾರ್ಚ್ ಕೊನೆಯ ಹೂವು ಬಾಡಿದ ದಿನ ಬಟ್ಟಲು ತೊಳೆಯುತ್ತಾ ಹೇಳುತ್ತಿದ್ದಳು, "ಇನ್ನೊಂದು ಚಳಿಗಾಲ ಹೋಯ್ತು. ನೀವಿನ್ನೂ ಇಲ್ಲೇ ಇದೀರ."

ಆರನೆಯ ಚಳಿಗಾಲದ ಹೊತ್ತಿಗೆ ಮುದುಕಿಯ ಕಣ್ಣು ಪೂರ್ತಿ ಮಂಜಾಗಿತ್ತು. ಆ ವರ್ಷ ಶರತ್ಕಾಲ ಬೆಚ್ಚಗಿದ್ದು ನವೆಂಬರಿನವು ಬೇಗ ಮುಗಿದವು. ಕ್ರಿಸ್‌ಮಸ್ಸಿನವನ್ನು ಕಿತ್ತು ನೋಡಿದರೆ ಗಡ್ಡೆಯೊಳಗೆ ಕೊಬ್ಬಿದ ಹುಳು, ಉಳಿದದ್ದು ಬರೀ ಸಿಪ್ಪೆ. ಡಿಸೆಂಬರ್ ಮೊದಲ ವಾರದಲ್ಲೇ ನೆಲ ಹೆಪ್ಪುಗಟ್ಟಿತು. ಹಿತ್ತಿಲು ಪಂಚಾಂಗವಾದ ಮೇಲೆ, ಇಪ್ಪತ್ತೈದು ವರ್ಷದಲ್ಲಿ ಮೊದಲ ಬಾರಿಗೆ ಚಳಿಗಾಲದ ನಡುವೆ ಕಿಟಕಿಯ ಬಟ್ಟಲು ಬರಿದಾಯಿತು.

ಐದನೆಯ ದಿನ ನಾನು ಕಾಗದ ತಂದು ಒಲೆಯ ಮುಂದೆ ಕೈ ಕಾಯಿಸುತ್ತಿದ್ದೆ. ಕೆಟ್ಯೂರಾ ಕಿಟಕಿಯ ಹಲಗೆಯನ್ನು ತಡಕಾಡುತ್ತಿದ್ದಳು. ಬೆರಳು ಬಟ್ಟಲಿನೊಳಗೆ ಹೋಗಿ ಬಂತು.

"ಎಲ್ಲೇ ಅದು?"

"ಇಲ್ಲ. ಹುಳ ತಿಂದ್ಬಿಡ್ತು," ಎಂದಳು ಡಿಲಿಸ್.

ಮುದುಕಿಯ ಮುಖ ಬಿಳುಪೇರಿತು. "ಹಂಗಂದ್ರೆ ಹೆಂಗೇ? ನಾನು ಬಂದಾಗಿಂದ ಅದು ಅಲ್ಲಿತ್ತು, ನಾನು ಸಾಯ್ಲಿಲ್ಲ. ಈಗ ತೆಗೆದ್ಬಿಟ್ರೆ ನನ್ನ ಗತಿ?"

ನನಗೆ ನಗು ತಡೆಯಲಾಗಲಿಲ್ಲ. ಡಿಲಿಸ್ ನಗಲಿಲ್ಲ. ಅವಳ ಕುತ್ತಿಗೆ ಕೆಂಪಾಗಿತ್ತು. ಹೂವು ಏನೂ ಮಾಡುವುದಿಲ್ಲ ಎಂದು ತೋರಿಸಲು ಆಯಸ್ಸು ಸವೆಸಿದವಳು ಅವಳು. ಈಗ ಅದೇ ಹೂವನ್ನು ಮುದುಕಿ ತಾಯಿತ ಮಾಡಿಕೊಂಡು ಕೂತಿದ್ದಳು. ಅಂದಿನಿಂದ ಕೆಟ್ಯೂರಾ ಊಟ ಬಿಟ್ಟಳು. ಎರಡು ಗುಟುಕು ಸಾರು ಕುಡಿದು ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಹಿತ್ತಿಲಿನ ಕೊಟ್ಟಿಗೆಯಲ್ಲಿ ಜನವರಿಗೆಂದು ಇಟ್ಟಿದ್ದ ಒಂದು ಸ್ನೋಡ್ರಾಪ್ ಕುಂಡ ಇತ್ತು. ಅದರ ಮೊಗ್ಗು ಆಗಷ್ಟೇ ಬಿಳಿ ತೋರಿಸತೊಡಗಿತ್ತು, ಅಡುಗೆಮನೆಯ ಬಿಸಿಗೆ ಒಂದೇ ದಿನದಲ್ಲಿ ಅರಳುತ್ತಿತ್ತು. ಮೂರು ದಿನ ನೋಡಿ ನಾನೇ ಬಾಯಿ ಬಿಟ್ಟೆ: "ತಂದಿಡೇ. ಮುದುಕಿ ಈ ವಾರ ಕಣ್ಮುಚ್ಚಿದ್ರೆ ಊರು ಮತ್ತೆ ನಿನ್ನ ತಲೆಗೇ ಕಟ್ಟುತ್ತೆ."

"ಕಟ್ಲಿ. ಈಗ ತಂದಿಟ್ರೆ ಅದು ಔಷಧಿ ಆಗ್ಬಿಡುತ್ತೆ, ನೆಸ್ತಾ. ಆಗ ಅಮ್ಮನ್ನ ಕೊಂದಿದ್ದೂ ನಿಜ ಅಂತಾಯ್ತು." ಅವಳೂ ಹೆದರಿದ್ದಳು. ಹೆದರಿಕೊಂಡೇ ಮುದುಕಿಯ ಮುಂದೆ ಹೋಗಿ ಕೂತಳು.

"ಕೇಳಿ ದೊಡ್ಡಮ್ಮ. ಅದು ಕೊಲ್ಲೋದೂ ಇಲ್ಲ, ಕಾಯೋದೂ ಇಲ್ಲ. ಹೂವು ಅದು. ನೀವು ಉಣ್ಣದೆ ಸತ್ರೆ ಹಸಿವಿಂದ ಸಾಯ್ತೀರ."

ಮುದುಕಿ ಕೇಳಿದಳು, "ಹಂಗಾದ್ರೆ ಮಾರ್ವಿದ್ ಯಾತ್ರಿಂದ ಸತ್ಲು?"

"ಅದನ್ನ ನೀವು ಹೇಳ್ಬೇಕು. ಹಾಸಿಗೆ ಪಕ್ಕ ಕೂತಿದ್ದೋರು ನೀವು. ನಾನು ಮಗು."

ಒಲೆಯಲ್ಲಿ ಕಲ್ಲಿದ್ದಲು ಕುಸಿಯಿತು. ಕೆಟ್ಯೂರಾ ಮಡಿಲಲ್ಲಿದ್ದ ತನ್ನ ಕೈಗಳಿಗೆ ಹೇಳುವಂತೆ ಹೇಳಿದಳು:

"ಎದೆ ಜ್ವರ. ನೀನು ಹೂವು ತರೋ ಹೊತ್ಗೆ ಒಂಬತ್ತು ದಿನ ಆಗಿತ್ತು. ನಿಮ್ಮಪ್ಪ ಡಾಕ್ಟರನ್ನ ಕರೀತೀನಿ ಅಂತ ಎರಡ್ ಸಲ ಟೋಪಿ ಹಾಕ್ಕೊಂಡ. ನಾನೇ ಬೇಡ ಅಂದೆ. ಈರುಳ್ಳಿ ಪಟ್ಟು, ಹೆಬ್ಬಾತಿನ ಕೊಬ್ಬು, ನನಗೆಲ್ಲ ಗೊತ್ತು ಅಂದೆ. ಮಣ್ಣು ಮಾಡಿದ ದಿನ ಯಾಕೆ ಡಾಕ್ಟರನ್ನ ಕರೀಲಿಲ್ಲ ಅಂತ ಯಾರೋ ಕೇಳಿದ್ರು. ಏನಾದ್ರೂ ಹೇಳ್ಬೇಕಿತ್ತು. ಕಣ್ಣಿಗೆ ನೀನು ಬಿದ್ದೆ. ಹೇಳ್ತಾ ಹೇಳ್ತಾ ನಂಗೂ ಅದೇ ನಿಜ ಅನ್ನಿಸ್ಬಿಡ್ತು."

ಡಿಲಿಸ್ ಅಳುತ್ತಾಳೆ, ಇಲ್ಲವೇ ಮುದುಕಿಯನ್ನು ಅಪ್ಪಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಎದ್ದು ಸಾರು ಬಿಸಿ ಮಾಡಿದಳು.

"ಇದನ್ನ ಕುಡೀರಿ. ಶನಿವಾರ ಊರಿನ ಹಾಲ್‌ನಲ್ಲಿ ಕ್ರಿಸ್‌ಮಸ್ ಹಾಡಿನ ಕೂಟ ಇದೆ, ಊರೆಲ್ಲ ಬರುತ್ತೆ. ಈಗ ಹೇಳಿದ್ದನ್ನ ಅಲ್ಲಿ ಹೇಳ್ಬೇಕು. ಅದಕ್ಕೆ ಶಕ್ತಿ ಬೇಕು."

"ಈ ವಯಸ್ಸಲ್ಲಿ ನನ್ನ ಮಾನ ತೆಗೀತೀಯೇನೇ?"

"ಏಳು ವರ್ಷದೋಳಿದ್ದಾಗ ನಂದು ತೆಗೆದ್ರಲ್ಲ."

ಮುದುಕಿ ಬಟ್ಟಲು ಖಾಲಿ ಮಾಡಿದಳು.

ಶನಿವಾರ ಎಮ್ರಿಸ್ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಹಾಡು ಮುಗಿದು ಜನ ಕಡುಬು ತಿನ್ನುತ್ತಿದ್ದಾಗ ಡಿಲಿಸ್ ಕುರ್ಚಿಯನ್ನು ಜನರ ನಡುವೆ ತಂದು, ಚಮಚದಿಂದ ಲೋಟ ಬಡಿದಳು. ಕೆಟ್ಯೂರಾ ತಲೆ ಎತ್ತಿ ಹೇಳಿದಳು. ಒಂದು ಮಾತೂ ಬಿಡಲಿಲ್ಲ, ಅದನ್ನು ನಾನು ಒಪ್ಪಲೇಬೇಕು. ಕಡುಬು ಅಗಿಯುವ ಸದ್ದೂ ನಿಂತುಹೋಯಿತು. ಅಂದಿನ ಸಾವಿನ ಮನೆಗೆ ಬಂದಿದ್ದವರಲ್ಲಿ ಬಹುತೇಕ ಎಲ್ಲರೂ ಮಣ್ಣಾಗಿದ್ದರು. ಉಳಿದಿದ್ದವನು ಎಪ್ಪತ್ತನಾಲ್ಕರ ಪೆನ್ರಿ ವಾಟ್ಕಿನ್ಸ್ ಒಬ್ಬ. ಅವನೋ ಅರೆಗಿವುಡ.

"ಏನಂದ್ಲು?" ಎಂದ ಪೆನ್ರಿ.

"ಇನ್ನೊಂದ್ಸಲ ಹೇಳಿ ದೊಡ್ಡಮ್ಮ. ಜೋರಾಗಿ."

"ಡಾಕ್ಟರನ್ನ ಬೇಡ ಅಂದೋಳು ನಾನು. ಮಗು ಏನೂ ಮಾಡ್ಲಿಲ್ಲ."

ಪೆನ್ರಿ ಟೋಪಿಯನ್ನು ಕೈಯಲ್ಲಿ ಸುತ್ತಿಸುತ್ತಾ ನಿಂತ. ಆಮೇಲೆ ಡಿಲಿಸಳ ಕಡೆ ನೋಡದೆ ಹೇಳಿದ, "ನಮ್ಮಮ್ಮ ಪಕ್ಕದ ಮನೇಲೇ ಇದ್ದು, ಸಾಯೋ ತನಕ ನಿನ್ನ ಮನೇಲಿ ಒಂದು ಕಪ್ ಟೀ ಕುಡೀಲಿಲ್ಲ."

"ಗೊತ್ತು," ಎಂದಳು ಡಿಲಿಸ್. "ನಾಳೆ ನೀವು ಬನ್ನಿ. ಎರಡು ಕಪ್ ಕುಡೀಬೇಕು. ನಿಮ್ಮದೊಂದು, ನಿಮ್ಮಮ್ಮಂದೊಂದು."